ಹಳೆಯ ಕೂಪೆ, ಹೊಸ ಕೂಪೆ: ಯಾವ ತಕ್ಕಡಿಯಲ್ಲಿ ತೂಗುವುದು?



ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪತ್ರ ಬರೆದಿದ್ದಾನೆ. ಹದಿನೆಂಟು ತುಂಬಿದ ಮಗನಿಗೆ 1967ರ ಟ್ರಯಂಫ್ ಜಿ.ಟಿ.6 ಕೊಡಿಸುವುದೋ, ಈಗಿನ ಕಾಲದ ಸ್ಪೋರ್ಟ್ಸ್ ಕೂಪೆಯನ್ನು ಕೊಡಿಸುವುದೋ ಎಂಬುದು ಅವನ ಪ್ರಶ್ನೆ. "ಮೇಷ್ಟ್ರೇ, ಹಳೆಯ ಕಾರುಗಳ ಅಂದ ಈಗಿನವಕ್ಕೆ ಎಲ್ಲಿ ಬರಬೇಕು?" ಎಂಬ ಒಕ್ಕಣೆಯೂ ಇದೆ. ಉತ್ತರವನ್ನು ಎಲ್ಲರಿಗಾಗಿ ಇಲ್ಲಿಯೇ ಬರೆಯುತ್ತಿದ್ದೇನೆ.

ಕೂಪೆಯೆಂದರೆ ಎರಡು ಬಾಗಿಲಿನ, ಚಾವಣಿ ಹಿಂದಕ್ಕೆ ಇಳಿಜಾರಾಗಿರುವ ಕಾರು. ಜಿ.ಟಿ.6 ನಮಗೆ ತೀರ ಅಪರಿಚಿತವೇನಲ್ಲ. 1961ರಿಂದ ಮದರಾಸಿನಲ್ಲಿ ತಯಾರಾಗಿ, ನಮ್ಮ ಕಡೆಯ ರಸ್ತೆಗಳಲ್ಲೂ ಕಾಣಸಿಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ವಂಶದ್ದೇ ಅದು. ಎರಡಕ್ಕೂ ರೂಪ ಕೊಟ್ಟವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಂಡರೆ ಎಂಜಿನ್ನು ತೆರೆದ ಪುಸ್ತಕದಂತೆ ಕಾಣುತ್ತದೆ. ಸ್ಪ್ಯಾನರ್ ಹಿಡಿಯಬಲ್ಲವನಿಗೆ ಅದೊಂದು ಪಾಠಶಾಲೆ.

ಇನ್ನು ಲೆಕ್ಕಕ್ಕೆ ಬರೋಣ. 1963ರಲ್ಲಿ ಪ್ರದರ್ಶನಗೊಂಡ ಪೋರ್ಷೆ 911ರ ತೂಕ ಸುಮಾರು 1080 ಕಿಲೋ, ಶಕ್ತಿ 130 ಅಶ್ವಶಕ್ತಿ. 2019ರ 911 ಕರೆರಾದ ತೂಕ ಸುಮಾರು 1500 ಕಿಲೋ, ಶಕ್ತಿ 385. ಭಾಗಿಸಿ ನೋಡಿ: ಒಂದು ಅಶ್ವಶಕ್ತಿ ಅಂದು ಎಂಟು ಕಿಲೋಗೂ ಹೆಚ್ಚು ಭಾರ ಎಳೆಯಬೇಕಿತ್ತು, ಇಂದು ನಾಲ್ಕು ಕಿಲೋ ಎಳೆದರೆ ಸಾಕು. ಹಾಗೆಂದು ಹಳೆಯದು ಕೀಳಾಯಿತೆ? ನಮ್ಮ ಗಣಿಗಳನ್ನೇ ನೆನೆಯಿರಿ. ಮೊದಲ ದಶಕಗಳಲ್ಲಿ ಒಂದು ಟನ್ ಅದಿರಿನಲ್ಲಿ ದೊರೆಯುತ್ತಿದ್ದ ಚಿನ್ನ, 2001ರಲ್ಲಿ ಗಣಿ ಮುಚ್ಚುವ ಹೊತ್ತಿಗೆ ಅದರ ಸಣ್ಣದೊಂದು ಪಾಲಿಗೆ ಇಳಿದಿತ್ತು. ಹಾಗೆಂದು ಕೊನೆಯ ತಲೆಮಾರಿನ ಕಾರ್ಮಿಕರ ದುಡಿಮೆ ಕಡಿಮೆಯೆಂದು ಇಲ್ಲಿ ಯಾರೂ ಆಡಲಾರರು. ಬೆಂಗಳೂರಿನ ಸ್ಯಾನ್ ಸಂಸ್ಥೆ 1990ರ ದಶಕದ ಕೊನೆಗೆ ತಂದ, ಸುಮಾರು 60 ಅಶ್ವಶಕ್ತಿಯ 'ಸ್ಟಾರ್ಮ್' ಕಾರನ್ನು ಕಂಡು ಇಂದು ನಗುವವರೂ ಈ ಮಾತನ್ನು ಮರೆಯಬಾರದು. ಕಾರನ್ನು ಅದರ ಕಾಲದ ತಕ್ಕಡಿಯಲ್ಲಿಯೇ ತೂಗಬೇಕು.

ಆದರೆ ಕಾಲದೊಡನೆ ಬದಲಾಗದ ಸಂಗತಿಯೊಂದಿದೆ: ಒಳಗೆ ಕುಳಿತವನ ಮೈಮೂಳೆ. ಮೊದಲ ಜಿ.ಟಿ.6ರಲ್ಲಿ, ತಿರುವಿನಲ್ಲಿ ವೇಗವಾಗಿ ಹೋಗುವಾಗ ಥಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಹಿಂಚಕ್ರ ಒಳಮಡಿಸಿಕೊಂಡು ಕಾರಿನ ಹಿಂಭಾಗ ಜಾರುವ ಸ್ವಭಾವವಿತ್ತು. ಕಂಪನಿಯೇ 1968ರಲ್ಲಿ ಹಿಂದಿನ ಸಸ್ಪೆನ್ಷನ್ನನ್ನು ಬದಲಿಸಿತು. ಇಂದಿನ ಕೂಪೆಯಲ್ಲಿ ಜಾರುವ ಸೂಚನೆ ಕಂಡೊಡನೆ ಬೇಕಾದ ಒಂದೇ ಚಕ್ರಕ್ಕೆ ಬ್ರೇಕು ಬೀಳುವ ವ್ಯವಸ್ಥೆಯಿದೆ. ಐರೋಪ್ಯ ಒಕ್ಕೂಟದಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಯಿತು. ಹೊಸದಾಗಿ ಚಕ್ರ ಹಿಡಿದ ಹುಡುಗ ಗಾಬರಿಯಲ್ಲಿ ಮಾಡುವ ಮೊದಲ ಕೆಲಸವೇ ಕಾಲು ತೆಗೆಯುವುದಲ್ಲವೆ?

ಆದುದರಿಂದ, ಮಗನ ದಿನನಿತ್ಯದ ಓಡಾಟಕ್ಕೆ ಹೊಸದನ್ನೇ ಕೊಡಿಸಪ್ಪ. ಹಣ ಮಿಕ್ಕರೆ ಹಳೆಯದನ್ನು ನಿನ್ನ ಹೆಸರಿನಲ್ಲಿ ಕೊಂಡುಕೋ. ಭಾನುವಾರ ತಂದೆ ಮಗ ಸೇರಿ ಬಾನೆಟ್ಟು ತೆರೆಯಿರಿ, ಕೈ ಮಸಿ ಮಾಡಿಕೊಳ್ಳಿರಿ. ಅಂದವನ್ನು ಮೆಚ್ಚಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಗಣಿಯಲ್ಲಿ ಕೇಜಿನ ಹಗ್ಗ ಹಳತಾದರೆ ಬದಲಿಸುತ್ತಿದ್ದರೇ ಹೊರತು, ಅದರ ಸೊಗಸನ್ನು ಹೊಗಳುತ್ತ ಜನರನ್ನು ಕೆಳಗಿಳಿಸುತ್ತಿರಲಿಲ್ಲ. ಮೈಸೂರು ಮೈನ್ಸಿನಲ್ಲಿ ಬೆಳೆದ ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಗನಿಗೆ ನನ್ನ ಆಶೀರ್ವಾದ ತಿಳಿಸು.