ಗೇಮಿನ ಹೆಸರಿಗೆ ಯಂತ್ರ ಮಾರಾಟವಾಗುತ್ತದೆಯೇ?

ಕೈಯಲ್ಲಿ ಹಿಡಿದು ಆಡುವ ಕನ್ಸೋಲುಗಳ ದೊಡ್ಡ ಪೇಟೆ ಜಪಾನ್. ಅಲ್ಲಿ ಹೆಸರಾದ ಗೇಮ್ ಸರಣಿಯೊಂದು ಬಂದರೆ ಯಂತ್ರವೂ ಖರ್ಚಾಗುತ್ತದೆ ಎಂಬ ನಂಬಿಕೆ ಹಳೆಯದು. ವಿಜಯಪುರದ ಅಥಣಿ ರಸ್ತೆಯಲ್ಲಿ, ಮುಂದೆ ತಿಕೋಟಾ ಕಡೆ, ಕನ್ಸೋಲಿನ ಜಾಗದಲ್ಲಿ ಮೊಬೈಲ್ ಇದೆ. ಬಿಜಿಎಂಐ ಎಂಬ ಮೊಬೈಲ್ ಗೇಮ್ ಚೆನ್ನಾಗಿ ಓಡುವ ಫೋನೇ ಬೇಕೆಂದು ಮಗ ಹಟ ಹಿಡಿದಾಗ, ಒಣದ್ರಾಕ್ಷಿ ಮಾರಿದ ದುಡ್ಡಿನಲ್ಲಿ ಎಷ್ಟನ್ನು ಅದಕ್ಕೆ ತೆಗೆದಿಡಬೇಕು ಎಂಬ ಪ್ರಶ್ನೆ ಮನೆಯವರ ಮುಂದೆ ಬರುತ್ತದೆ. ಆದ್ದರಿಂದ ಜಪಾನಿನ ಅನುಭವ ನಮಗೂ ಬೇಕು.

ಪರ

ಹೌದು ಎನ್ನುವವರ ಕೈಯಲ್ಲಿ ಗಟ್ಟಿ ಪುರಾವೆಗಳಿವೆ. ನಿಂಟೆಂಡೊ ಕಂಪನಿಯ ಗೇಮ್‌ಬಾಯ್ 1989ರಲ್ಲಿ ಬಂದದ್ದು; ಏಳು ವರ್ಷ ಕಳೆಯುವಷ್ಟರಲ್ಲಿ ಅದರ ಭರಾಟೆ ಇಳಿದಿತ್ತು. 1996ರ ಫೆಬ್ರವರಿಯಲ್ಲಿ ಪೋಕೆಮಾನ್ ಗೇಮಿನ ಕೆಂಪು ಮತ್ತು ಹಸಿರು ಆವೃತ್ತಿಗಳು ಬಂದವು. ಕೆಲವು ಪ್ರಾಣಿಗಳು ಕೆಂಪಿನಲ್ಲಿ ಮಾತ್ರ ಸಿಗುತ್ತಿದ್ದವು, ಕೆಲವು ಹಸಿರಿನಲ್ಲಿ ಮಾತ್ರ. ಎಲ್ಲವನ್ನೂ ಕೂಡಿಹಾಕಬೇಕೆಂದರೆ ಗೆಳೆಯನ ಯಂತ್ರಕ್ಕೆ ತನ್ನದನ್ನು ವೈರಿನಿಂದ ಜೋಡಿಸಿ ಅದಲುಬದಲು ಮಾಡಿಕೊಳ್ಳಲೇಬೇಕು. ಹಾಗಾಗಿ ತರಗತಿಯಲ್ಲಿ ಒಬ್ಬನ ಹತ್ತಿರ ಗೇಮ್‌ಬಾಯ್ ಬಂದರೆ ಪಕ್ಕದವನಿಗೂ ಬೇಕಾಗುತ್ತಿತ್ತು. ಮುದಿಯಾಗಿದ್ದ ಯಂತ್ರಕ್ಕೆ ಮತ್ತೆ ಜೀವ ಬಂತು. ಸೋನಿಯ ಪಿಎಸ್‌ಪಿಯದೂ ಇದೇ ಕಥೆ. 2004ರ ಡಿಸೆಂಬರಿನಲ್ಲಿ ಬಂದ ಅದು ನಿಂಟೆಂಡೊದ ಡಿಎಸ್ ಎದುರು ಹಿಂದೆ ಬಿದ್ದಿತ್ತು. ಅದನ್ನು ಜಪಾನಿನಲ್ಲಿ ಎತ್ತಿ ನಿಲ್ಲಿಸಿದ್ದು ಮಾನ್‌ಸ್ಟರ್ ಹಂಟರ್. ನಾಲ್ವರು ಎದುರುಬದುರು ಕೂತು, ಒಬ್ಬೊಬ್ಬರೂ ತಮ್ಮ ತಮ್ಮ ಯಂತ್ರ ಹಿಡಿದು, ಒಂದೇ ದೈತ್ಯಪ್ರಾಣಿಯನ್ನು ಬೇಟೆಯಾಡುವ ಗೇಮದು. 2010ರ ಡಿಸೆಂಬರಿನಲ್ಲಿ ಬಂದ ಅದರ ಮೂರನೆಯ ಕಂತು 40 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಮುಂದೆ ಆ ಸರಣಿ ನಿಂಟೆಂಡೊದ 3ಡಿಎಸ್ ಕಡೆ ಹೋಯಿತು. 2011ರ ಕೊನೆಗೆ ಬಂದ ಸೋನಿಯ ವೀಟಾಗೆ ಅದರ ಮುಖ್ಯ ಕಂತುಗಳು ಸಿಗಲೇ ಇಲ್ಲ. ತೆರೆ, ವೇಗ ಎರಡರಲ್ಲೂ ಮುಂದಿದ್ದ ವೀಟಾ ತನ್ನ ತವರಿನಲ್ಲೇ ಸೊರಗಿತು.

ವಿರೋಧ

ಅಲ್ಲ ಎನ್ನುವವರ ಮೊದಲ ಆಕ್ಷೇಪ ಬೆಲೆಯದು. 3ಡಿಎಸ್ 2011ರ ಫೆಬ್ರವರಿಯಲ್ಲಿ 25,000 ಯೆನ್‌ಗೆ ಬಂದು ಹೆಚ್ಚು ಓಡಲಿಲ್ಲ. ಆಗಸ್ಟಿನಲ್ಲಿ ಬೆಲೆ 15,000ಕ್ಕೆ ಇಳಿಯಿತು. ಮಾರಿಯೊ, ಮಾನ್‌ಸ್ಟರ್ ಹಂಟರ್ ಬಂದದ್ದು ಆಮೇಲೆ; ಹಾಗಾಗಿ ಯಂತ್ರ ಎದ್ದದ್ದು ಬೆಲೆಯಿಂದ ಎಂಬುದು ಅವರ ವಾದ. ವೀಟಾದ ಮೆಮೊರಿ ಕಾರ್ಡ್ ದುಬಾರಿಯಾಗಿತ್ತು ಎಂಬುದೂ ಸುಳ್ಳಲ್ಲ. ಎರಡನೆಯದು ವಂಡರ್‌ಸ್ವಾನ್ ಎಂಬ ಕೈ ಕನ್ಸೋಲಿನದು. 2000ದ ಡಿಸೆಂಬರಿನಲ್ಲಿ ಅದಕ್ಕೆ ಫೈನಲ್ ಫ್ಯಾಂಟಸಿಯಂಥ ದೊಡ್ಡ ಹೆಸರೇ ಬಂದರೂ ನಿಂಟೆಂಡೊವನ್ನು ಅಲುಗಾಡಿಸಲಾಗಲಿಲ್ಲ. ಇದಕ್ಕೆ ನನ್ನ ಉತ್ತರವಿದೆ: ಅದು ಹಳೆಯ ಗೇಮಿನ ಹೊಸ ರೂಪ, ಒಬ್ಬನೇ ಕೂತು ಆಡುವಂಥದು, ಗೆಳೆಯನಿಗೂ ಯಂತ್ರ ಕೊಡಿಸುವ ಶಕ್ತಿ ಅದಕ್ಕಿರಲಿಲ್ಲ. ಮೂರನೆಯದಕ್ಕೆ ಮಾತ್ರ ತಲೆಬಾಗಬೇಕು. 2005ರಲ್ಲಿ ಡಿಎಸ್‌ಗೆ ಬಂದ ಮೆದುಳಿನ ಕಸರತ್ತಿನ ಗೇಮಿಗೆ ಯಾವ ಸರಣಿಯ ಹೆಸರೂ ಇರಲಿಲ್ಲ. ಲೆಕ್ಕ ಬಿಡಿಸುವ, ಗಟ್ಟಿಯಾಗಿ ಓದುವ ಆ ಸರಳ ಕಸರತ್ತಿಗಾಗಿ ಎಂದೂ ಗೇಮ್ ಮುಟ್ಟದ ಹಿರಿಯರು ಯಂತ್ರ ಕೊಂಡರು.

ಆದರೆ ವಿರೋಧದ ವಾದ ನಿಜವಾಗಿ ಗೆಲ್ಲುವುದು ನಮ್ಮ ಊರಿನಲ್ಲಿ. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಎಂಬ ಮೊಬೈಲ್ ಗೇಮನ್ನು ನಿಷೇಧಿಸಿತು. ಗೇಮೇ ಫೋನು ಮಾರುತ್ತಿದ್ದರೆ ಪೇಟೆ ಕುಸಿಯಬೇಕಿತ್ತು. ಆದರೆ ಆ ಜುಲೈ-ಸೆಪ್ಟೆಂಬರಿನಲ್ಲಿ ದೇಶದ ಪೇಟೆಗೆ ಬಂದ ಸ್ಮಾರ್ಟ್‌ಫೋನುಗಳು 5 ಕೋಟಿ ಮುಟ್ಟಿದವು. ಕೊರೊನಾದಿಂದ ಶಾಲೆಗೆ ಬೀಗ ಬಿದ್ದು ಪಾಠ ಫೋನಿಗೆ ಬಂದಿತ್ತು. ಫೋನಿಲ್ಲದ ಮಕ್ಕಳಿಗಾಗಿ ನಮ್ಮ ರಾಜ್ಯ ವಿದ್ಯಾಗಮ ಯೋಜನೆಯನ್ನೇ ಹೂಡಬೇಕಾಯಿತು. ಪಬ್‌ಜಿಯ ಜಾಗಕ್ಕೆ 2021ರ ಜುಲೈನಲ್ಲಿ ಬಂದ ಬಿಜಿಎಂಐ ಕೂಡ 2 ಜಿಬಿ ರ‍್ಯಾಮ್ ಇದ್ದರೆ ಸಾಕು ಎಂದೇ ಶುರುವಾಯಿತು. ಫ್ರೀ ಫೈರ್ ಗೇಮ್ ಹಳ್ಳಿ ಹಳ್ಳಿಗೆ ಹಬ್ಬಿದ್ದೂ ಅಗ್ಗದ ಫೋನಿನಲ್ಲಿ ಓಡಿದ್ದರಿಂದ. ಇಲ್ಲಿ ಗೇಮೇ ಫೋನನ್ನು ಹುಡುಕಿಕೊಂಡು ಬಂತು. ಹುಡುಗರು ಒಟ್ಟಿಗೆ ಆಡುವುದು ಇಲ್ಲೂ ಇದೆಯಲ್ಲ, ಅದು ಫೋನು ಮಾರಿಸುವುದಿಲ್ಲವೇ ಎಂದು ಕೇಳಬಹುದು. ಮೊದಲ ಫೋನಿನ ಆಸೆಯನ್ನು ಖಂಡಿತ ಹೆಚ್ಚಿಸುತ್ತದೆ. ಆದರೆ ನಾಲ್ವರ ತಂಡದಲ್ಲಿ ನಾಲ್ಕು ಕಂಪನಿಯ ಫೋನಿದ್ದರೂ ಆಟ ನಡೆಯುತ್ತದೆ. ಪಿಎಸ್‌ಪಿಯ ಬೇಟೆಗೆ ಪಿಎಸ್‌ಪಿಯೇ ಬೇಕಿತ್ತು.

ಆದ್ದರಿಂದ ನನ್ನ ನಿಲುವು ಇದು: ಜಪಾನಿನಲ್ಲಿ ಯಂತ್ರವನ್ನು ಮಾರಿದ್ದು ಬರೀ ಗೇಮಿನ ಖ್ಯಾತಿಯಲ್ಲ, ಆ ಗೇಮು ಒಂದೇ ಯಂತ್ರಕ್ಕೆ ಕಟ್ಟುಬಿದ್ದದ್ದು ಮತ್ತು ಗೆಳೆಯರಿಗೂ ಅದೇ ಯಂತ್ರ ಬೇಕಾದದ್ದು. ಬೆಲೆ ಇಳಿದರೆ ಜನ ಅಂಗಡಿಗೆ ಬರುತ್ತಾರೆ, ಆದರೆ ಯಾವ ಯಂತ್ರ ಎಂಬುದನ್ನು ಆ ಕಟ್ಟು ತೀರ್ಮಾನಿಸುತ್ತದೆ. ಅಥಣಿ ರಸ್ತೆಯ ಫೋನಿಗೆ ಆ ಕಟ್ಟಿಲ್ಲ. ಅದೂ ಅಲ್ಲದೆ ಬಿಜಿಎಂಐ 2022ರ ಜುಲೈನಲ್ಲಿ ಆ್ಯಪ್ ಅಂಗಡಿಗಳಿಂದ ಮಾಯವಾಗಿ 2023ರ ಮೇ ತಿಂಗಳಲ್ಲಿ ಮರಳಿತು. ಫೋನಿನ ಕಂತು ಕಟ್ಟುವವರಿಗೆ ನಡುವೆ ಅಂಥ ಬಿಡುವು ಸಿಗುವುದಿಲ್ಲ. ಗೇಮಿಂಗ್ ಫೋನ್ ಎಂಬ ಹೆಸರಿಗೆ ಹೆಚ್ಚು ಹಣ ಕೇಳಿದರೆ, ತಂದೆತಾಯಂದಿರು ಮೊದಲು ಬ್ಯಾಟರಿ, ಸ್ಟೋರೇಜ್, ಊರಿನಲ್ಲಿ ರಿಪೇರಿ ಸಿಗುತ್ತದೆಯೇ ಎಂಬುದನ್ನು ವಿಚಾರಿಸಲಿ.