ಒಂದೇ ವಿಳಾಸ, ಮೂರು ಕಾಲೇಜು

ಹನ್ನೆರಡನೇ ತರಗತಿಯ ಫಲಿತಾಂಶ ಬಂದ ವಾರ ಕೋಲ್ಕತ್ತಾದ ಕನ್ನಡ ಮನೆಗಳಲ್ಲಿ ಮಾತು ಎರಡೇ ದಾರಿ ಹಿಡಿಯುತ್ತದೆ. ಅಂಕ ಚೆನ್ನಾಗಿ ಬಂದಿದ್ದರೆ ಪ್ರೆಸಿಡೆನ್ಸಿ, ಸೇಂಟ್ ಝೇವಿಯರ್ಸ್, ಜಾದವ್‌ಪುರ. ಇಲ್ಲದಿದ್ದರೆ ಬೆಂಗಳೂರಿನ ಚಿಕ್ಕಪ್ಪನ ಮನೆ, ಅಲ್ಲೊಂದು ಮ್ಯಾನೇಜ್‌ಮೆಂಟ್ ಸೀಟು. ಹತ್ತಿರದ ಕಾಲೇಜಿನ ಹೆಸರು ಯಾರಾದರೂ ಎತ್ತಿದರೆ, ‘ಅಯ್ಯೋ, ಅದು ಪಾಡಾ ಕಾಲೇಜು’ ಎಂದು ತಳ್ಳಿಹಾಕುತ್ತೇವೆ. ಪಾಡಾ ಎಂದರೆ ಬಾಂಗ್ಲಾದಲ್ಲಿ ಕೇರಿ, ಬಡಾವಣೆ. ಅಮೆರಿಕದಲ್ಲಿರುವ ನೆಂಟರ ಮಗ ಕಮ್ಯುನಿಟಿ ಕಾಲೇಜಿಗೆ ಸೇರಿದ ಎಂದರೆ ‘ಖರ್ಚು ಉಳಿಸಿದ, ಜಾಣ’ ಎನ್ನುವವರೂ ನಾವೇ!

ಈ ಪಾಡಾ ಕಾಲೇಜು ಎಂದರೇನು ಎಂದು ತಿಳಿಯಲು ಹಾಜ್ರಾ ಕಡೆ ಹೋಗಬೇಕು. ಜತಿನ್ ದಾಸ್ ಪಾರ್ಕ್ ಮೆಟ್ರೋ ನಿಲ್ದಾಣದ ಪಕ್ಕದಲ್ಲೇ 92, ಶ್ಯಾಮಾಪ್ರಸಾದ್ ಮುಖರ್ಜಿ ರಸ್ತೆ. ಈ ಒಂದು ವಿಳಾಸದಲ್ಲಿ ಮೂರು ಕಾಲೇಜುಗಳಿವೆ. ಬೆಳಗ್ಗೆ ಹೆಣ್ಣುಮಕ್ಕಳ ಜೋಗಮಾಯಾ ದೇವಿ ಕಾಲೇಜು, ಹಗಲಿಗೆ ಆಶುತೋಷ್ ಕಾಲೇಜು, ಸಂಜೆಗೆ ಶ್ಯಾಮಾಪ್ರಸಾದ್ ಕಾಲೇಜು. ಜೋಗಮಾಯಾ ದೇವಿ ಸರ್ ಆಶುತೋಷ್ ಮುಖರ್ಜಿಯವರ ಹೆಂಡತಿ, ಶ್ಯಾಮಾಪ್ರಸಾದ್ ಅವರ ಮಗ. ಅಮ್ಮ ಬೆಳಗಿನ ಪಾಳಿ, ಅಪ್ಪ ಹಗಲು ಪಾಳಿ, ಮಗ ಸಂಜೆ ಪಾಳಿ ಎಂದು ತಮಾಷೆಯಾಗಿ ನೆನಪಿಟ್ಟುಕೊಳ್ಳಬಹುದು.

ಇದು ಶುರುವಾದದ್ದು 1916ರಲ್ಲಿ, ಸೌತ್ ಸಬರ್ಬನ್ ಕಾಲೇಜು ಎಂಬ ಹೆಸರಿನಲ್ಲಿ. ನಮ್ಮ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ. 1918ರಲ್ಲಿ ಮೈಸೂರಿನ ಮೊದಲ ಘಟಿಕೋತ್ಸವದ ಭಾಷಣ ಮಾಡಿದವರು ಇದೇ ಆಶುತೋಷ್ ಮುಖರ್ಜಿ. 1921ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಿಂದ ರಾಧಾಕೃಷ್ಣನ್ ಕಲ್ಕತ್ತಾಕ್ಕೆ ಬಂದರು. ಕಲ್ಕತ್ತಾದಿಂದ ಬ್ರಜೇಂದ್ರನಾಥ ಸೀಲ್ ಮೈಸೂರಿಗೆ ಕುಲಪತಿಯಾಗಿ ಹೋದರು. ಎರಡು ಊರುಗಳ ನಡುವೆ ಕೊಡುಕೊಳ್ಳುವಿಕೆ ಅಷ್ಟು ಹಳೆಯದು. 1924ರಲ್ಲಿ ಆಶುತೋಷ್ ತೀರಿಕೊಂಡ ಮೇಲೆ ಕಾಲೇಜಿಗೆ ಅವರ ಹೆಸರು ಬಂತು. 1932ರಲ್ಲಿ ಮಹಿಳಾ ವಿಭಾಗವೂ 1945ರಲ್ಲಿ ವಾಣಿಜ್ಯ ವಿಭಾಗವೂ ಆರಂಭವಾದವು. ಅವೇ ಮುಂದೆ ಬೇರೆ ಬೇರೆ ಕಾಲೇಜುಗಳಾದವು.

ಈ ಪಾಳಿ ಪದ್ಧತಿ ಹಾಜ್ರಾಕ್ಕೆ ಮಾತ್ರ ಸೇರಿದ್ದಲ್ಲ. ಸಿಯಾಲ್ದಾ ಹತ್ತಿರದ ಸುರೇಂದ್ರನಾಥ್ ಮತ್ತು ಬಂಗಬಾಸಿ, ಉತ್ತರದ ವಿದ್ಯಾಸಾಗರ್, ಗೋಲ್‌ಪಾರ್ಕಿನ ಹೇರಂಬಚಂದ್ರ ಕಾಲೇಜಿನ ಬಳಗ, ಎಲ್ಲ ಕಡೆ ಇದೇ ಕಥೆ. ಜಾಗ ಸಾಲದ ಊರು, ದುಡ್ಡು ಸಾಲದ ಜನ. ಹೊಸ ಕಟ್ಟಡ ಕಟ್ಟುವ ಬದಲು ಇದ್ದ ಬೆಂಚುಗಳನ್ನೇ ಮೂರು ಸಲ ಬಳಸಿದರು. ಹಾಗೆ ಮಾಡಿದ್ದರಿಂದ, ಮಗಳನ್ನು ಹುಡುಗರ ಜೊತೆ ಕಳಿಸಲೊಲ್ಲದ ಅಪ್ಪಂದಿರ ಕಾಲದಲ್ಲಿ ಹೆಣ್ಣುಮಕ್ಕಳು ಬೆಳಗ್ಗೆ ಕಲಿತರು. ಹಗಲೆಲ್ಲ ಆಫೀಸಿನಲ್ಲಿ ಲೆಕ್ಕ ಬರೆದ ಗುಮಾಸ್ತರು ಸಂಜೆ ಬಿ.ಕಾಂ. ಓದಿದರು. ವಿದ್ಯಾರ್ಥಿ ಕಾಲೇಜಿನ ವೇಳೆಗೆ ಹೊಂದಿಕೊಳ್ಳುವ ಬದಲು ಕಾಲೇಜೇ ಅವರ ಬದುಕಿನ ವೇಳೆಗೆ ಹೊಂದಿಕೊಂಡಿತು. ಕಮ್ಯುನಿಟಿ ಕಾಲೇಜು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ತೋಚುವುದಿಲ್ಲ.

ಇಲ್ಲಿನ ವಿದ್ಯಾರ್ಥಿ ಜೀವನ ಕ್ಯಾಂಪಸ್ಸಿನ ಗೋಡೆಯೊಳಗೆ ಹಿಡಿಸುವಂಥದ್ದಲ್ಲ. ಅರ್ಧ ತರಗತಿಯಲ್ಲಿ, ಇನ್ನರ್ಧ ಚಹಾದಂಗಡಿಯ ಅಡ್ಡಾದಲ್ಲಿ. ನಮ್ಮ ಜಗಲಿ ಹರಟೆಯೇ ಅದು, ವಿಷಯ ಮಾತ್ರ ಫುಟ್ಬಾಲಿನಿಂದ ಸಿನಿಮಾಕ್ಕೆ, ಅಲ್ಲಿಂದ ರಾಜಕೀಯಕ್ಕೆ ಜಿಗಿಯುತ್ತದೆ. ಸರಸ್ವತಿ ಪೂಜೆಯ ದಿನ ಹಳದಿ ಸೀರೆ, ಕುರ್ತಾ, ಮಧ್ಯಾಹ್ನಕ್ಕೆ ಖಿಚುಡಿ. ರಾಜಕೀಯವೂ ಇಲ್ಲಿ ಹಗುರದ ವಿಷಯವಲ್ಲ. ಆ ಮೆಟ್ರೋ ನಿಲ್ದಾಣಕ್ಕೆ ಹೆಸರು ಕೊಟ್ಟ ಜತಿನ್ ದಾಸ್ ಬಂಗಬಾಸಿ ಕಾಲೇಜಿನ ವಿದ್ಯಾರ್ಥಿ. 1929ರಲ್ಲಿ ಲಾಹೋರ್ ಜೈಲಿನಲ್ಲಿ 63 ದಿನ ಉಪವಾಸ ಮಾಡಿ ಪ್ರಾಣಬಿಟ್ಟವರು. ಇವತ್ತಿನ ಮಾತು ಬೇರೆ. 2017ರ ನಂತರ ಬಹುತೇಕ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಯೇ ನಿಂತುಹೋಗಿದೆ. ಚುನಾವಣೆ ಇಲ್ಲದ ಕಡೆ ಸಂಘದ ಕೋಣೆಯಲ್ಲಿ ಯಾರು ಕೂರುತ್ತಾರೆ ಎನ್ನುವುದು ಪೋಷಕರು ಕೇಳಲೇಬೇಕಾದ ಪ್ರಶ್ನೆ.

ಆಟದ ವಿಷಯಕ್ಕೆ ಬರೋಣ. ಇಂಥ ಕಾಲೇಜುಗಳಿಗೆ ಕಟ್ಟಡದ ಪಕ್ಕದಲ್ಲೇ ಮೈದಾನ ಇರುವುದು ಅಪರೂಪ. ಆದರೆ ಊರಿನ ನಡುವೆ ದೊಡ್ಡ ಮೈದಾನವಿದೆ, ದಕ್ಷಿಣಕ್ಕೆ ರವೀಂದ್ರ ಸರೋವರವಿದೆ. ಚುನಿ ಗೋಸ್ವಾಮಿ ಕಲ್ಕತ್ತಾ ವಿಶ್ವವಿದ್ಯಾಲಯದ ಫುಟ್ಬಾಲ್, ಕ್ರಿಕೆಟ್ ಎರಡೂ ತಂಡಗಳ ನಾಯಕರಾಗಿದ್ದವರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಅವರ ನಾಯಕತ್ವದಲ್ಲಿ ಭಾರತ ಫುಟ್ಬಾಲ್ ಚಿನ್ನ ಗೆದ್ದಿತು. ಹತ್ತು ವರ್ಷದ ನಂತರ ಅವರೇ ಬಂಗಾಳವನ್ನು ರಣಜಿ ಫೈನಲ್‌ಗೆ ಕರೆದೊಯ್ದರು.

ಅದೇ ಜಕಾರ್ತಾದಲ್ಲಿ 2018ರಲ್ಲಿ ಹೆಪ್ಟಾಥ್ಲಾನ್ ಚಿನ್ನ ಗೆದ್ದ ಸ್ವಪ್ನಾ ಬರ್ಮನ್ ಓದಿದ್ದು ಚಾರುಚಂದ್ರ ಕಾಲೇಜಿನಲ್ಲಿ. ದೋಸೆ, ಫಿಲ್ಟರ್ ಕಾಫಿ, ಕರಿಬೇವು ಹುಡುಕಿಕೊಂಡು ನಾವು ದಕ್ಷಿಣದವರೆಲ್ಲ ಹೋಗುವ ಲೇಕ್ ಮಾರ್ಕೆಟ್ಟಿನ ಸಮೀಪದಲ್ಲೇ ಅದು ಇದೆ. ಜಲ್ಪೈಗುರಿಯ ವ್ಯಾನ್‌ರಿಕ್ಷಾ ಎಳೆಯುವವರ ಮಗಳು, ಎರಡೂ ಪಾದಗಳಲ್ಲಿ ಆರಾರು ಬೆರಳು, ಸರಿಹೊಂದುವ ಬೂಟೇ ಸಿಗದ ಕಷ್ಟ. ಹಲ್ಲುನೋವಿಗೆ ಕೆನ್ನೆಗೆ ಪಟ್ಟಿ ಅಂಟಿಸಿಕೊಂಡೇ ಏಳು ಸ್ಪರ್ಧೆಗಳನ್ನು ಮುಗಿಸಿ 6026 ಅಂಕ ಗಳಿಸಿದರು. ಅವರ ಬೆನ್ನಿಗೆ ನಿಂತವರಲ್ಲಿ ಬೆಂಗಳೂರಿನ ಗೋಸ್ಪೋರ್ಟ್ಸ್ ಫೌಂಡೇಶನ್ ಕೂಡ ಇತ್ತು, ರಾಹುಲ್ ದ್ರಾವಿಡ್ ಹೆಸರಿನ ಕ್ರೀಡಾ ಮಾರ್ಗದರ್ಶನ ಯೋಜನೆಯ ಮೂಲಕ. ತರಬೇತಿ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ, ಓದು ಪಾಡಾ ಕಾಲೇಜಿನಲ್ಲಿ.

ಹಾಗೆಂದು ಎಲ್ಲವೂ ಚೆನ್ನಾಗಿದೆ ಎಂದರೆ ಸುಳ್ಳಾದೀತು. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಆದರೆ ಪಾಠ ಎಷ್ಟೋ ಸಲ ಬಾಂಗ್ಲಾಕ್ಕೆ ಜಾರುತ್ತದೆ. ಇಲ್ಲೇ ಬೆಳೆದ ನಮ್ಮ ಮಕ್ಕಳಿಗೆ ತೊಂದರೆಯಿಲ್ಲ, ಹೊಸದಾಗಿ ಬಂದವರಿಗೆ ಮೊದಲ ವರ್ಷ ಕಷ್ಟ. 2024ರಿಂದ ರಾಜ್ಯದ ಪದವಿ ಕಾಲೇಜುಗಳಿಗೆ ಪ್ರವೇಶ ಒಂದೇ ಪೋರ್ಟಲ್ ಮೂಲಕ ನಡೆಯುತ್ತಿದೆ. ಆ ವರ್ಷವೇ ಪ್ರವೇಶ ಮುಗಿದ ಮೇಲೆ ಲಕ್ಷಗಟ್ಟಲೆ ಸೀಟು ಖಾಲಿ ಉಳಿದವು. ಹೀಗೇ ನಡೆದರೆ ಮೊದಲು ಸೊರಗುವುದು ಸಂಜೆ ಪಾಳಿ. ಅದು ಸೊರಗಿದರೆ ನಷ್ಟ ಅಂಕ ಗಳಿಸಿದ ಮಕ್ಕಳಿಗಲ್ಲ. ಅಂಗಡಿಯಲ್ಲಿ ದುಡಿಯುತ್ತಲೇ ಓದಬೇಕಾದ ಹುಡುಗನಿಗೆ, ಹಗಲು ಮನೆ ನೋಡಿಕೊಳ್ಳಬೇಕಾದ ಹುಡುಗಿಗೆ.

ಈ ಮಾತು ನಮಗೂ ತಾಗುತ್ತದೆ. ಮದುವೆಯಾಗಿ ಹುಬ್ಬಳ್ಳಿಯಿಂದಲೋ ಉಡುಪಿಯಿಂದಲೋ ಇಲ್ಲಿಗೆ ಬಂದು, ಪಿಯುಸಿಗೇ ಓದು ನಿಲ್ಲಿಸಿದ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆ. ಓದು ನಿಂತು ವರ್ಷಗಳಾಗಿದ್ದರೆ ಪ್ರವೇಶದ ನಿಯಮಗಳನ್ನು ಕಾಲೇಜಿನ ಆಫೀಸಿನಲ್ಲೇ ಕೇಳಿ ತಿಳಿಯಬೇಕು. 2023ರಿಂದ ಬಂದ ಹೊಸ ಪದ್ಧತಿಯಲ್ಲಿ ಮಧ್ಯೆ ನಿಲ್ಲಿಸಿದರೂ ಓದಿದ್ದು ಪೂರ್ತಿ ವ್ಯರ್ಥವಲ್ಲ, ನಿಯಮದಂತೆ ಕ್ರೆಡಿಟ್ ಪೂರೈಸಿದರೆ ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ.

ಈ ಸಲ ಫಾರ್ಮ್ ತುಂಬುವ ಮೊದಲು ಒಂದು ಬೆಳಗ್ಗೆ ಹಾಜ್ರಾಕ್ಕೆ ಹೋಗಿ ಬನ್ನಿ. ಗೇಟಿನ ಬಳಿ ನಿಂತು ಮೂರು ಪ್ರಶ್ನೆ ಕೇಳಿ: ಪಾಠ ದಿನವೂ ನಡೆಯುತ್ತದೆಯೇ, ಲ್ಯಾಬು, ಲೈಬ್ರರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತವೆ, ಆಟಕ್ಕೆ ಎಲ್ಲಿಗೆ ಕರೆದೊಯ್ಯುತ್ತಾರೆ. ಉತ್ತರ ಸರಿಯೆನಿಸಿದರೆ, ‘ಪಾಡಾ ಕಾಲೇಜು’ ಎಂಬ ಮಾತನ್ನು ಮಕ್ಕಳ ಮುಂದೆ ಬೈಗುಳದಂತೆ ಆಡಬೇಡಿ.