ನೀರಿನ ಉಳಿತಾಯ: ಬೆಂಕಿಯ ತೊಟ್ಟಿಗೆ ಕೈಹಾಕದಿರಲಿ

ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದದ್ದು 2025ರಲ್ಲಿ. ಬೆಂಗಳೂರಿನ ಮಾದರಿಯ ವಾಣಿಜ್ಯ ಸಂಕೀರ್ಣ, ಕಲ್ಯಾಣ ಮಂಟಪ, ಹೋಟೆಲುಗಳು ಅದಕ್ಕೂ ಮೊದಲೇ ಬಂದಿದ್ದವು. ಕೊಳವೆಬಾವಿ ಮತ್ತು ಟ್ಯಾಂಕರ್ ನೀರಿನ ಅವಲಂಬನೆಯೂ ಅವುಗಳ ಬೆನ್ನಿಗೇ ಬಂದಿತು.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷದ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರಿಯೇಟರ್ ಅಳವಡಿಕೆಯನ್ನು ಕಡ್ಡಾಯಗೊಳಿಸಿತು. ಕ್ರಮವೇನೋ ಸರಿ. ಆದರೆ ಇಂಥ ಉಳಿತಾಯದ ಚರ್ಚೆಗಳು ನಲ್ಲಿಯ ಬಾಯಲ್ಲೇ ನಿಂತುಬಿಡುತ್ತವೆ. ನೆಲದಡಿಯ ಅಗ್ನಿಶಾಮಕ ತೊಟ್ಟಿಯವರೆಗೆ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ತಡವಾದ ದಿನ ಶೌಚಾಲಯಕ್ಕೆ ಆ ತೊಟ್ಟಿಯ ನೀರನ್ನೇ ಎತ್ತುವ ಆಮಿಷ ಸಹಜ. ಬರಿದಾದ ತೊಟ್ಟಿಯ ಮೇಲಿನ ಪಂಪು, ಕೊಳವೆ, ಸ್ಪ್ರಿಂಕ್ಲರುಗಳೆಲ್ಲ ಬರಿಯ ಅಲಂಕಾರ.

ಇದಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸರಳ ಉಪಾಯವಿದೆ. ಹೊರಗಿನಿಂದ ಬರುವ ನೀರು ಮೊದಲು ಅಗ್ನಿಶಾಮಕ ತೊಟ್ಟಿಯನ್ನು ತುಂಬಬೇಕು. ಅಲ್ಲಿಂದ ಉಕ್ಕಿದ ನೀರು ಮಾತ್ರ ದಿನಬಳಕೆಯ ತೊಟ್ಟಿಗೆ ಹರಿಯಬೇಕು. ಹೀಗಾದರೆ ನೀರು ನಿಂತು ಕೊಳೆಯದು, ಬೆಂಕಿಗೆಂದು ಇಟ್ಟ ಪಾಲೂ ಕರಗದು.

ನಿರ್ವಹಣೆಯೆಂದರೆ ನೀರು ಪೋಲು ಎಂಬ ಭಾವನೆಯೂ ತಪ್ಪು. ನಿಮಿಷಕ್ಕೆ 2,280 ಲೀಟರ್ ಸಾಮರ್ಥ್ಯದ ಪಂಪನ್ನು 10 ನಿಮಿಷ ಪರೀಕ್ಷಿಸಿ ನೀರನ್ನು ಚರಂಡಿಗೆ ಬಿಟ್ಟರೆ 22,800 ಲೀಟರ್ ಹೋಗುತ್ತದೆ. 12 ಸಾವಿರ ಲೀಟರಿನ ಎರಡು ಟ್ಯಾಂಕರುಗಳಿಗೆ ತುಸುವೇ ಕಡಿಮೆ. ಪರೀಕ್ಷಾ ಕೊಳವೆಯನ್ನು ತೊಟ್ಟಿಗೇ ಮರಳಿಸಿದರೆ ಅಷ್ಟೂ ಉಳಿಯುತ್ತದೆ. ಕೊಳವೆಗಳ ಒತ್ತಡ ಕಾಯುವ ಜಾಕಿ ಪಂಪು ಪದೇ ಪದೇ ಚಾಲೂ ಆಗುತ್ತಿದ್ದರೆ ಎಲ್ಲೋ ಸೋರಿಕೆಯಿದೆ ಎಂದೇ ಶಂಕಿಸಬೇಕು. ಅದರ ಸದ್ದಿಗೆ ಬೇಸತ್ತು ಸ್ವಿಚ್ ಆರಿಸುವುದು ರೋಗ ಬಿಟ್ಟು ಕೆಮ್ಮನ್ನಷ್ಟೇ ಅದುಮಿದಂತೆ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ 9 ಜನ ಸತ್ತ ಬಳಿಕ ಚರ್ಚೆಯೆಲ್ಲ ಬಹುಮಹಡಿಗಳ ಸುತ್ತ ನಡೆಯಿತು. ಈ ಜಿಲ್ಲೆಯ ತಾಲ್ಲೂಕುಗಳ ಅಪಾಯದ ಬಗೆ ಬೇರೆ. ಚನ್ನಪಟ್ಟಣದ ಗೊಂಬೆ ಕೆಲಸದಲ್ಲಿ ಮರ, ಅರಗು. ರಾಮನಗರದ ರೇಷ್ಮೆ ನೂಲು ತೆಗೆಯುವಲ್ಲಿ ಒಲೆ, ಬಾಯ್ಲರು. ಕನಕಪುರ, ಮಾಗಡಿಗಳ ಹಳೆಯ ಪೇಟೆಗಳ ಇಕ್ಕಟ್ಟಿನಲ್ಲಿ ಅಗ್ನಿಶಾಮಕ ವಾಹನ ನುಗ್ಗಿ ಬರುವವರೆಗೆ ಕಟ್ಟಡದೊಳಗಿನ ನೀರೇ ಗತಿ. ವಾರ್ಷಿಕ ನಿರ್ವಹಣೆಯ ಗುತ್ತಿಗೆ ಬರೆಯುವ ಮಾಲೀಕರು ಸಿಲಿಂಡರುಗಳ ಮೇಲಿನ ಚೀಟಿಯ ತಾರೀಖಿನೊಂದಿಗೆ ತೊಟ್ಟಿಯ ನೀರಿನ ಮಟ್ಟವನ್ನೂ ವಾರಕ್ಕೊಮ್ಮೆ ಪುಸ್ತಕದಲ್ಲಿ ಬರೆಸಬೇಕು, ಅದರಲ್ಲೂ ಮಾರ್ಚ್‌ನಿಂದ ಮೇ ತನಕ.